ಕಡಲ ತಳದಲ್ಲಿ ಒಡೆದ ಹಡಗುಗಳು

ಗುಂಡಗುರ್ತಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಸೀಮೆಯವರಿಗೆ ಕಡಲೆಂಬುದು ದೂರದ ಮಾತು. ಅಲ್ಲಿಂದ ಪಡುವಣ ಕರಾವಳಿಗೆ ಇನ್ನೂರು ಮೈಲಿಗೂ ಹೆಚ್ಚು ದಾರಿ. ಹೀಗಿದ್ದರೂ ಆ ಸೀಮೆಯ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದಿ ಪರ್ಸಿಯು ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಒಂದು ಕಡಲಿನ ತಳದಲ್ಲಿ ನೆಲೆನಿಂತ ಸುಣ್ಣದ ಕೆಸರೇ ಆಗಿತ್ತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಕಡಲು ತಾನು ಪಡೆದುದನ್ನು ಪದರಪದರವಾಗಿ ಮುಚ್ಚಿಟ್ಟುಕೊಳ್ಳುತ್ತದೆ. ಓದಬಲ್ಲವರು ಬಂದರೆ ಆ ಪದರಗಳಲ್ಲಿ ಹಿಂದಿನ ಕಾಲವನ್ನು ಓದಬಹುದು. ಕಲ್ಲಿನ ವಿಷಯದಲ್ಲಿ ನಿಜವಾದ ಈ ಮಾತು ಮನುಷ್ಯನ ವಿಷಯದಲ್ಲಿಯೂ ನಿಜವೆ. ಸಾವಿರಾರು ವರ್ಷಗಳಿಂದ ಜನರು ಹಡಗುಗಳನ್ನು ಕಟ್ಟಿ ಸಮುದ್ರಕ್ಕಿಳಿಸಿದ್ದಾರೆ. ಅವುಗಳಲ್ಲಿ ಎಷ್ಟೋ ಹಡಗುಗಳು ದಡ ಸೇರಲಿಲ್ಲ. ಹಾಗೆ ಮುಳುಗಿ, ಒಡೆದು, ತಳದಲ್ಲಿ ಚೆದರಿಬಿದ್ದಿರುವ ಹಡಗುಗಳ ಬಳಿಗೆ ಮನುಷ್ಯನು ಹೇಗೆ ಇಳಿಯುತ್ತಾನೆ, ಇಳಿದು ಏನನ್ನು ಕಾಣುತ್ತಾನೆ, ಕಂಡುದನ್ನು ಹೇಗೆ ಕಾಪಾಡಬೇಕು ಎಂಬ ಮೂರು ಪ್ರಶ್ನೆಗಳನ್ನು ಈ ದಿನ ವಿಚಾರಮಾಡೋಣ.

ಹಡಗು ಒಡೆಯುವ ಬಗೆಯನ್ನು ಮೊದಲು ತಿಳಿಯುವುದು ಒಳ್ಳೆಯದು. ನಡುಗಡಲಿನಲ್ಲಿ ಮುಳುಗುವ ಹಡಗಿಗಿಂತ ದಡದ ಹತ್ತಿರ ಬಂಡೆಗೆ ತಗುಲಿ ಒಡೆಯುವ ಹಡಗಿನ ಕಥೆಯೇ ನಮ್ಮ ಕರಾವಳಿಯಲ್ಲಿ ಹೆಚ್ಚು ಪರಿಚಿತವಾದುದು. 2006ನೆಯ ಇಸವಿ ಮೇ ತಿಂಗಳ ಕೊನೆಯಲ್ಲಿ, ಮುಂಗಾರು ಹಿಡಿಯುತ್ತಿದ್ದ ಸಮಯದಲ್ಲಿ, ‘ಓಷನ್ ಸೆರಾಯಾ’ ಎಂಬ ಸರಕು ಹಡಗು ಕಾರವಾರದ ಎದುರಿನ ಆಯ್‌ಸ್ಟರ್ ರಾಕ್ ಬಂಡೆಗಳಿಗೆ ಸಿಕ್ಕಿಕೊಂಡಿತು. ಉಕ್ಕಿನ ಒಡಲಾದರೂ ಮಳೆಗಾಲದ ಅಲೆಗಳ ಪೆಟ್ಟಿನ ಮುಂದೆ ಅದು ನಿಲ್ಲಲಿಲ್ಲ. ಒಡೆದು ಎರಡು ಹೋಳಾಯಿತು. ಅದರ ಎಣ್ಣೆ ಕಾರವಾರದ ಮರಳಿಗೆ ಹರಿದು ಬಂದು ಮೀನುಗಾರರಿಗೆ ಬಹಳ ಸಂಕಟವನ್ನುಂಟುಮಾಡಿತು. ಬಂಡೆಯ ಮೇಲೆ ಕುಳಿತ ಹಡಗಿನ ನಡುಭಾಗಕ್ಕೆ ಆಧಾರವಿದ್ದು ಎರಡು ತುದಿಗಳು ಅಲೆಯೊಡನೆ ಏರಿ ಇಳಿಯುತ್ತಿದ್ದರೆ, ಬೆನ್ನುಮೂಳೆಯಂತಿರುವ ಅಡಿಮರವು ಮುರಿಯುವುದು ಆಶ್ಚರ್ಯವಲ್ಲ. ಇಂದಿನ ಉಕ್ಕಿನ ಹಡಗಿನ ಗತಿಯೇ ಹೀಗಾದರೆ ಹಿಂದಿನ ಮರದ ಹಾಯಿಹಡಗುಗಳ ಪಾಡು ಏನಾಗಿದ್ದೀತೆಂಬುದನ್ನು ಊಹಿಸಿಕೊಳ್ಳಬಹುದು.

ಇನ್ನು ಇಳಿಯುವ ಬಗೆ. ಮನ್ನಾರಿನ ಕೊಲ್ಲಿಯಲ್ಲಿ ಮುತ್ತು ತೆಗೆಯುವವರು ಉಸಿರು ಬಿಗಿಹಿಡಿದು ಮುಳುಗುತ್ತಿದ್ದರು. ಒಂದೆರಡು ನಿಮಿಷಗಳಲ್ಲಿ ಅವರು ಮೇಲೆ ಬರಲೇಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಹಿತ್ತಾಳೆಯ ಶಿರಸ್ತ್ರಾಣವನ್ನು ಧರಿಸಿ, ಮೇಲಿನ ದೋಣಿಯಿಂದ ಕೊಳವೆಯಲ್ಲಿ ಒತ್ತಿದ ಗಾಳಿಯನ್ನು ಉಸಿರಾಡುವ ಕ್ರಮ ಬಂದಿತು. ಅದರಿಂದ ಹೆಚ್ಚು ಹೊತ್ತು ಕೆಳಗಿರಲು ಸಾಧ್ಯವಾಯಿತಾದರೂ, ಮುಳುಗುಗಾರನು ಹಗ್ಗಕ್ಕೆ ಕಟ್ಟಿದ ಕರುವಿನಂತೆ ಕೊಳವೆಯ ಉದ್ದದಷ್ಟೇ ಚಲಿಸಬಲ್ಲವನಾಗಿದ್ದನು. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಕುಸ್ತೊ ಎಂಬವರೂ ಗಾನ್ಯಾನ್ ಎಂಬ ಎಂಜಿನಿಯರರೂ ಕೂಡಿ ಈ ಕಟ್ಟನ್ನು ಬಿಡಿಸಿದರು. ಒತ್ತಿ ತುಂಬಿದ ಗಾಳಿಯ ಉರುಳೆಯನ್ನು ಬೆನ್ನಿಗೆ ಕಟ್ಟಿಕೊಂಡು, ಬಾಯಿಯಲ್ಲಿ ಕಚ್ಚಿಹಿಡಿದ ಕವಾಟದ ಮೂಲಕ ಬೇಕಾದಾಗ ಬೇಕಾದಷ್ಟು ಗಾಳಿಯನ್ನು ಪಡೆಯುವ ಸಾಧನವನ್ನು ಅವರು ರೂಪಿಸಿದರು. ಇದರಿಂದ ಬೆಳೆದು ಬಂದ ವಿಧಾನವನ್ನೇ ಇಂದು ಸ್ಕೂಬಾ ಎಂದು ಕರೆಯುತ್ತಾರೆ.

ಈ ಕವಾಟದ ಮಹತ್ವ ತಿಳಿಯಬೇಕಾದರೆ ನೀರಿನ ಒತ್ತಡವನ್ನು ತಿಳಿಯಬೇಕು. ನೆಲದ ಮೇಲೆ ನಮ್ಮನ್ನು ಒತ್ತುತ್ತಿರುವುದು ಒಂದು ವಾಯುಮಂಡಲದ ಭಾರ. ಸಮುದ್ರದಲ್ಲಿ ಪ್ರತಿ 10 ಮೀಟರು ಇಳಿದಂತೆ ಅಷ್ಟೇ ಒತ್ತಡ ಮತ್ತೊಮ್ಮೆ ಸೇರುತ್ತದೆ. 30 ಮೀಟರಿನಲ್ಲಿ ಅದು ನಾಲ್ಕು ಪಟ್ಟಾಗಿರುತ್ತದೆ. ಅಲ್ಲಿ ಎದೆಯನ್ನು ಹಿಗ್ಗಿಸಬೇಕಾದರೆ ಒಳಗೆ ಬರುವ ಗಾಳಿಗೂ ಅಷ್ಟೇ ಒತ್ತಡವಿರಬೇಕು. ಕವಾಟವು ಸುತ್ತಲ ನೀರಿನ ಒತ್ತಡಕ್ಕೆ ಸರಿಸಮನಾದ ಗಾಳಿಯನ್ನು ತಾನಾಗಿಯೇ ಒದಗಿಸುತ್ತದೆ. ಆದರೆ ಈ ಉಪಕಾರಕ್ಕೆ ಬೆಲೆಯುಂಟು. 12 ಲೀಟರಿನ ಉರುಳೆಯಲ್ಲಿ 200 ವಾಯುಮಂಡಲದಷ್ಟು ಒತ್ತಿ ತುಂಬಿದರೆ ಅದರಲ್ಲಿ 2400 ಲೀಟರು ಗಾಳಿ ಹಿಡಿಯುತ್ತದೆ. ಮುಳುಗುಗಾರನು ನಿಮಿಷಕ್ಕೆ 20 ಲೀಟರು ಉಸಿರಾಡುವನೆಂದಿಟ್ಟುಕೊಂಡರೆ, ನೀರಿನ ಮೇಲೆ ಅದು ಎರಡು ಗಂಟೆಗಳ ಕಾಲ ಸಾಕು. 10 ಮೀಟರಿನಲ್ಲಿ ಒಂದೇ ಗಂಟೆ. 30 ಮೀಟರಿನಲ್ಲಿ ಅರ್ಧ ಗಂಟೆ. ಆಳಕ್ಕೆ ಇಳಿದಂತೆಲ್ಲ ಬೆನ್ನ ಮೇಲಿನ ಬುತ್ತಿ ಬೇಗ ಬರಿದಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಅಪಾಯವು ಮೇಲೆ ಬರುವಾಗ ಕಾದಿರುತ್ತದೆ. ಗೋಲಿ ಸೋಡಾದ ಬಾಟಲಿಯನ್ನು ನೋಡಿ. ಗೋಲಿಯು ಬಾಯಿಯನ್ನು ಬಿಗಿದಿರುವಷ್ಟು ಹೊತ್ತು ನೀರು ತಿಳಿಯಾಗಿರುತ್ತದೆ. ಗೋಲಿಯನ್ನು ಒತ್ತಿದೊಡನೆ ಗುಳ್ಳೆಗಳು ನೊರೆಯಾಗಿ ಉಕ್ಕುತ್ತವೆ. ಆಳದಲ್ಲಿ ಹೆಚ್ಚಿನ ಒತ್ತಡದಿಂದ ಗಾಳಿಯ ಸಾರಜನಕವು ಮುಳುಗುಗಾರನ ರಕ್ತಮಾಂಸಗಳಲ್ಲಿ ಹೀಗೆಯೇ ಕರಗಿರುತ್ತದೆ. ಅವನು ಮೆಲ್ಲಮೆಲ್ಲನೆ ಮೇಲೇರಿದರೆ ಅದು ಉಸಿರಿನೊಡನೆ ಹೊರಟುಹೋಗುತ್ತದೆ. ಆತುರಪಟ್ಟು ಮೇಲೆದ್ದರೆ ಕೀಲುಗಳಲ್ಲಿ, ನರಗಳಲ್ಲಿ ಗುಳ್ಳೆಗಳೇಳುತ್ತವೆ. ಅಸಹ್ಯವಾದ ನೋವು, ಕೆಲವೊಮ್ಮೆ ಪಕ್ಷಾಘಾತ, ಕೆಲವೊಮ್ಮೆ ಮರಣವೇ ಸಂಭವಿಸುತ್ತದೆ. ಉಸಿರನ್ನು ಬಿಗಿಹಿಡಿದು ಮೇಲೇರುವುದಂತೂ ಇನ್ನೂ ಅನರ್ಥಕರ. ಕೆಳಗಿನ ಒತ್ತಡದಲ್ಲಿ ಎದೆಯಲ್ಲಿ ತುಂಬಿದ ಗಾಳಿ ಮೇಲಕ್ಕೆ ಬಂದಂತೆ ಹಿಗ್ಗಿ ಶ್ವಾಸಕೋಶವನ್ನು ಹರಿಯಬಹುದು. ಆದುದರಿಂದ ಈ ವಿದ್ಯೆಯ ಮೊದಲನೆಯ ಪಾಠವು ಉಸಿರನ್ನು ಎಂದೂ ಕಟ್ಟಬಾರದು ಎಂಬುದು. ಎರಡನೆಯದು, ಏನೇ ಆದರೂ ಆತುರಪಡಬಾರದು ಎಂಬುದು. 30 ಮೀಟರಿಗಿಂತ ಕೆಳಗೆ ಹೋದಂತೆ ಅದೇ ಸಾರಜನಕವು ಮದ್ಯದಂತೆ ತಲೆಗೇರಿ ವಿವೇಕವನ್ನು ಮಂಕುಮಾಡುವುದೂ ಉಂಟು.

ಕಡಲು ತಣ್ಣಗಿದ್ದರೆ ಈ ಕಷ್ಟಗಳೆಲ್ಲ ಇಮ್ಮಡಿಸುತ್ತವೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗನೆ ಮೈಯ ಕಾವನ್ನು ಹೀರಿಕೊಳ್ಳುತ್ತದೆ. ಕಾರವಾರದ ನೀರಿನಲ್ಲಿ ತೆಳುವಾದ ಉಡುಪು ಸಾಕಾಗಬಹುದು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಸ್ಕಾಪಾ ಫ್ಲೋ ಎಂಬ ಕಡಲ ಆವರಣದಲ್ಲಿ ಅದು ಸಾಲದು. ಅಲ್ಲಿ 1919ನೆಯ ಜೂನ್ 21ರಂದು, ಮೊದಲನೆಯ ಮಹಾಯುದ್ಧದಲ್ಲಿ ಸೆರೆಯಾಗಿದ್ದ ಜರ್ಮನಿಯ ನೌಕಾಬಲವನ್ನು ಅದರ ನಾವಿಕರೇ ಮುಳುಗಿಸಿದರು. 74 ಹಡಗುಗಳ ಪೈಕಿ 52 ತಳ ಸೇರಿದವು. ಅವುಗಳಲ್ಲಿ ಬಹುಪಾಲನ್ನು ಆಮೇಲೆ ಗುಜರಿಗಾಗಿ ಎತ್ತಿದರು. ಉಳಿದವುಗಳನ್ನು ಕಾಣಲು ಇಂದಿಗೂ ದೇಶದೇಶಗಳಿಂದ ಮುಳುಗುಗಾರರು ಹೋಗುತ್ತಾರೆ. ಅಂತಹ ನೀರಿಗೆ ಇಳಿಯುವವರು ಒಳಗೆ ನೀರು ನುಗ್ಗದಂತೆ ಹೊಲಿದ ಒಣ ಉಡುಪನ್ನೂ ಅದರೊಳಗೆ ಉಣ್ಣೆಯಂತಹ ಬೆಚ್ಚನೆಯ ಬಟ್ಟೆಯನ್ನೂ ತೊಡುತ್ತಾರೆ. ಚಳಿಗೆ ಮೊದಲು ಸೋಲುವುವು ಕೈಬೆರಳುಗಳು. ಬೆರಳು ಮರಗಟ್ಟಿದರೆ ಗುಂಡಿಯೊತ್ತುವುದು, ಕೊಕ್ಕೆ ಬಿಡಿಸುವುದು ಮೊದಲಾದ ಚಿಕ್ಕ ಕೆಲಸಗಳೂ ಆಗದೆಹೋಗುತ್ತವೆ. ನೀರಿನಡಿಯಲ್ಲಿ ಪ್ರಾಣವಿರುವುದು ಇಂತಹ ಚಿಕ್ಕ ಕೆಲಸಗಳಲ್ಲಿಯೇ. ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಒತ್ತಿದ ಗಾಳಿ ಉರುಳೆಯಿಂದ ಹೊರಬಂದು ಹಿಗ್ಗುವಾಗ ಬಹಳ ತಣ್ಣಗಾಗುತ್ತದೆ. ಸುತ್ತಲ ನೀರು ಹೆಪ್ಪುಗಟ್ಟುವಷ್ಟು ತಂಪಾಗಿದ್ದರೆ ಕವಾಟದಲ್ಲಿಯೇ ಮಂಜುಗಡ್ಡೆ ಕಟ್ಟಿ, ಅದು ತೆರೆದಂತೆಯೇ ನಿಂತು, ಇದ್ದ ಗಾಳಿಯೆಲ್ಲ ಕೆಲವೇ ನಿಮಿಷಗಳಲ್ಲಿ ಹರಿದುಹೋಗಬಹುದು.

ಒಡೆದ ಹಡಗು ತನ್ನದೇ ಆದ ಬಲೆಗಳನ್ನೂ ಒಡ್ಡುತ್ತದೆ. ಮುರಿದ ತಗಡಿನ ಅಂಚು ಕತ್ತಿಯಂತಿರುತ್ತದೆ. ಹರಿದುಬಿಟ್ಟ ಮೀನಿನ ಬಲೆಗಳು ಅವಶೇಷಕ್ಕೆ ಸುತ್ತಿಕೊಂಡು ಕಣ್ಣಿಗೆ ಕಾಣದೆ ತೂಗಾಡುತ್ತಿರುತ್ತವೆ. ಒಳಕೋಣೆಗೆ ಹೊಕ್ಕವನ ಕಾಲು ಒಮ್ಮೆ ಬೀಸಿದರೆ ವರ್ಷಗಳಿಂದ ಕೂತ ಕೆಸರು ಎದ್ದು, ಬಂದ ಬಾಗಿಲೇ ಕಾಣದಂತಾಗುತ್ತದೆ. ಆದುದರಿಂದ ಬಲ್ಲವರು ಹೊರಗಿನ ಕಂಬಕ್ಕೆ ದಾರ ಕಟ್ಟಿ ಅದನ್ನು ಬಿಚ್ಚುತ್ತ ಒಳಹೋಗುತ್ತಾರೆ. ಗಾಳಿಯಲ್ಲಿ ಮೂರನೆಯ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಉಳಿದೊಂದು ಪಾಲು ಆಪತ್ತಿಗೆ ಎಂದು ಲೆಕ್ಕವಿಡುತ್ತಾರೆ. ಒಬ್ಬಂಟಿಯಾಗಿ ಇಳಿಯುವುದಿಲ್ಲ.

ಇಷ್ಟೆಲ್ಲ ಪಾಡುಪಟ್ಟು ಕೆಳಗಿಳಿದವನಿಗೆ ಕಾಣುವುದೇನು? ಚಿತ್ರಗಳಲ್ಲಿ ಬರೆಯುವಂತೆ ಹಾಯಿ ಬಿಚ್ಚಿ ನಿಂತ ಹಡಗನ್ನು ಅರಬ್ಬೀ ಸಮುದ್ರದಲ್ಲಿ ಕಾಣುವೆವೆಂದು ಯಾರೂ ಎಣಿಸಬಾರದು. ಬೆಚ್ಚನೆಯ ಉಪ್ಪುನೀರಿನಲ್ಲಿ ಮರಕ್ಕೆ ಒಂದು ಪ್ರಬಲ ಶತ್ರುವಿದೆ. ಹಡಗುಹುಳು ಎಂದು ಕರೆಯಿಸಿಕೊಳ್ಳುವ ಈ ಪ್ರಾಣಿ ವಾಸ್ತವವಾಗಿ ಹುಳುವಲ್ಲ, ಕಪ್ಪೆಚಿಪ್ಪಿನ ಜಾತಿಗೆ ಸೇರಿದ ಮೃದ್ವಂಗಿ. ಇದು ಮರವನ್ನು ಕೊರೆದು ಜೇನುಹಲ್ಲೆಯಂತೆ ಮಾಡಿ ತಿಂದುಹಾಕುತ್ತದೆ. ಮರಳಿನಲ್ಲಿ ಹೂತುಹೋದ ಮರ ಮಾತ್ರ ಉಳಿಯಬಹುದು. ಸ್ವೀಡನ್ನಿನ ‘ವಾಸಾ’ ಹಡಗಿನ ಭಾಗ್ಯ ಬೇರೆಯಾಗಿತ್ತು. 1628ರಲ್ಲಿ ಸ್ಟಾಕ್‌ಹೋಮಿನಿಂದ ಮೊದಲ ಯಾನಕ್ಕೆ ಹೊರಟು, ಬಂದರಿನ ಎಲ್ಲೆಯೊಳಗೇ ಮುಳುಗಿದ ಆ ಯುದ್ಧನೌಕೆಯನ್ನು 333 ವರ್ಷಗಳ ಮೇಲೆ, 1961ರಲ್ಲಿ, ಮರದ ಒಡಲು ಒಡಲಾಗಿಯೇ ಇರುವಂತೆ ಎತ್ತಿದರು. ಬಾಲ್ಟಿಕ್ ಸಮುದ್ರದ ನೀರು ತಣ್ಣಗಿರುವುದಲ್ಲದೆ ಅದರಲ್ಲಿ ಉಪ್ಪು ಬಹಳ ಕಡಿಮೆ. ಹಡಗುಹುಳು ಅಲ್ಲಿ ಬಾಳಲಾರದು. ಹೀಗೆ ತಣ್ಣೀರ ಕಡಲು ಮುಳುಗುಗಾರನನ್ನು ದಂಡಿಸಿದರೂ ಹಡಗನ್ನು ಕಾಪಾಡುತ್ತದೆ. ನಮ್ಮ ಕಡಲು ಮುಳುಗುಗಾರನನ್ನು ಆದರಿಸುತ್ತದೆ, ಹಡಗನ್ನು ನುಂಗುತ್ತದೆ.

ಹಾಗಾದರೆ ನಮ್ಮ ಕಡಲಿನಲ್ಲಿ ಹುಡುಕಿ ಫಲವೇನೆಂದು ಕೇಳಬಹುದು. ಇದಕ್ಕೆ ಉತ್ತರವನ್ನು ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರ ಕೆಲಸವು ಕೊಡುತ್ತದೆ. ಆ ಸಂಸ್ಥೆಯಲ್ಲಿ ಕಡಲ ಪುರಾತತ್ತ್ವದ ಕೇಂದ್ರವನ್ನು 1981ರಲ್ಲಿ ಕಟ್ಟಿದವರು ನಮ್ಮ ಕನ್ನಡಿಗರೇ ಆದ ಶಿಕಾರಿಪುರ ರಂಗನಾಥ ರಾಯರು. ಗುಜರಾತಿನ ಲೋಥಾಲಿನಲ್ಲಿ ಸಿಂಧೂ ನಾಗರಿಕತೆಯ ಪಟ್ಟಣವನ್ನು ಅಗೆದು ತೋರಿಸಿದ ಅವರೇ, ದ್ವಾರಕೆಯ ಎದುರಿನ ನೀರಿನಲ್ಲಿಯೂ ಶೋಧನೆ ನಡೆಸಿ, ನೆಲದ ಪುರಾತತ್ತ್ವದಷ್ಟೇ ಶಿಸ್ತಿನಿಂದ ನೀರಿನ ಪುರಾತತ್ತ್ವವನ್ನೂ ನಡೆಸಬಹುದೆಂದು ನಮ್ಮ ದೇಶಕ್ಕೆ ಕಲಿಸಿಕೊಟ್ಟರು. 1922ರಲ್ಲಿ ಹುಟ್ಟಿದ ಅವರು 2013ರಲ್ಲಿ ತೀರಿಕೊಂಡರು. ಅವರು ಹಾಕಿದ ಹಾದಿಯಲ್ಲಿ ನಡೆದವರು ಗೋವೆಯ ಸುತ್ತ ಒಡೆದ ಹಡಗುಗಳ ಹಲವು ತಾಣಗಳನ್ನು ಪರಿಶೀಲಿಸಿದ್ದಾರೆ. ಸುಂಚಿ ಎಂಬ ಬಂಡೆಸಾಲಿನಲ್ಲಿ ಹದಿನೇಳನೆಯ ಶತಮಾನದ ಹಡಗೊಂದರ ತೋಪುಗಳು, ಆನೆಯ ದಂತ, ನೀರಾನೆಯ ಹಲ್ಲು, ಚೀನಾ ದೇಶದ ಪಿಂಗಾಣಿ ಇವೆಲ್ಲ ಒಟ್ಟೊಟ್ಟಿಗೆ ದೊರಕಿದವು. ನೀರಾನೆ ನಮ್ಮ ದೇಶದ ಪ್ರಾಣಿಯಲ್ಲ, ಆಫ್ರಿಕಾದ್ದು. ಆಫ್ರಿಕಾದ ಹಲ್ಲೂ ಚೀನಾದ ಪಿಂಗಾಣಿಯೂ ಒಂದೇ ಒಡಲಿನಲ್ಲಿ ಸೇರಿದ್ದುದರಿಂದ ಅಂದಿನ ವ್ಯಾಪಾರದ ಹರವು ಎಷ್ಟೆಂಬುದು ಕಣ್ಣಿಗೆ ಕಟ್ಟುತ್ತದೆ.

ಆದರೆ ಕನ್ನಡಿಗರಿಗೆ ಹೆಚ್ಚು ಹತ್ತಿರವಾದುದು ಸೇಂಟ್ ಜಾರ್ಜ್ ಬಂಡೆಸಾಲಿನ ಅವಶೇಷ. ಅಲ್ಲಿ ಮುಳುಗುಗಾರರು ಹಡಗಿನ ಮರವನ್ನು ಕಾಣಲಿಲ್ಲ. ಕಡಲು ಅದನ್ನು ಪೂರ್ತಿಯಾಗಿ ಕರಗಿಸಿಬಿಟ್ಟಿತ್ತು. ಕಂಡುದು ಸುಟ್ಟ ಮಣ್ಣಿನ ಸರಕು: ನೆಲಕ್ಕೆ ಹಾಸುವ ಬಿಲ್ಲೆಗಳು, ಮಾಡಿನ ನೆತ್ತಿಗೆ ಕವುಚುವ ಹೆಂಚುಗಳು, ನೀರು ಹರಿಯುವ ಕೊಳವೆಗಳು, ಹೊಗೆಗೂಡಿನ ಇಟ್ಟಿಗೆಗಳು, ಕಂಬಗಳ ತುಂಡುಗಳು, ಎಲೆಬಳ್ಳಿ ಬಿಡಿಸಿದ ಕಂಬದ ಬೋದಿಗೆಗಳು. ಅವುಗಳ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865’ ಎಂಬ ಮುದ್ರೆಯಿತ್ತು.

ಮಂಗಳೂರು ಹೆಂಚೆಂದರೆ ಯಾರಿಗೆ ತಿಳಿಯದು! 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುದ್ರಣ, ನೇಯ್ಗೆ ಮೊದಲಾದ ಕೈಗಾರಿಕೆಗಳನ್ನು ಆರಂಭಿಸಿದರು. ಅವರಲ್ಲೊಬ್ಬರಾದ ಪ್ಲೆಬ್‌ಸ್ಟ್ ಎಂಬವರು ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಅಲ್ಲಿನ ಜೇಡಿಮಣ್ಣಿನಿಂದ ಹೆಂಚು ಒತ್ತುವ ಕಾರ್ಖಾನೆಯನ್ನು 1865ರಲ್ಲಿ ಸ್ಥಾಪಿಸಿದರು. ಒಂದರ ತುಟಿಗೆ ಮತ್ತೊಂದು ಕಚ್ಚಿಕೊಂಡು ಮಳೆಗೆ ಎಡೆಗೊಡದಂತಿದ್ದ ಈ ಹೆಂಚು ಹುಲ್ಲುಮಾಡಿನ ಊರುಗಳ ರೂಪವನ್ನೇ ಬದಲಾಯಿಸಿತು; ಹಡಗುಗಳನ್ನೇರಿ ಏಡನ್, ಪೂರ್ವ ಆಫ್ರಿಕಾ ಮೊದಲಾದ ಕಡೆಗಳಿಗೂ ಹೋಯಿತು. ಕರಾವಳಿಯ ಬೇರೆ ಕೆಲವು ಊರುಗಳಲ್ಲಿಯೂ ಮಿಷನ್ನಿನ ಕಾರ್ಖಾನೆಗಳು ಎದ್ದುವು.

ಇಲ್ಲಿ ಪುರಾತತ್ತ್ವಜ್ಞರ ತರ್ಕವನ್ನು ಸ್ವಲ್ಪ ಗಮನಿಸಬೇಕು. ಹೆಂಚಿನ ಮೇಲೆ 1865 ಎಂದಿದ್ದ ಮಾತ್ರಕ್ಕೆ ಹಡಗು ಆ ವರ್ಷವೇ ಮುಳುಗಿತೆಂದು ಹೇಳುವಂತಿಲ್ಲ. ಅದು ಕಾರ್ಖಾನೆ ಹುಟ್ಟಿದ ವರ್ಷ. ಆಮೇಲೆ ಬಹುಕಾಲ ಒತ್ತಿದ ಹೆಂಚುಗಳ ಮೇಲೂ ಅದೇ ಅಂಕೆ ಇರುತ್ತಿತ್ತು. ಆದರೆ ಆ ವರ್ಷಕ್ಕಿಂತ ಮೊದಲು ಈ ಸರಕು ಹಡಗನ್ನೇರಿರಲು ಸಾಧ್ಯವಿಲ್ಲವೆಂಬುದು ನಿಸ್ಸಂದೇಹ. ಹೀಗೆ ಒಂದು ಮುದ್ರೆಯಿಂದ ಕಾಲದ ಒಂದು ಎಲ್ಲೆ ಗೊತ್ತಾಯಿತು. ಮಾಡು, ನೆಲ, ಕಂಬ, ಕೊಳವೆ ಎಲ್ಲವೂ ಒಂದೇ ಕಡೆ ಇದ್ದುದರಿಂದ ಇದು ಒಂದೆರಡು ಮನೆಗಳ ಚಿಲ್ಲರೆ ಹೆಂಚಲ್ಲ, ಕಟ್ಟಡದ ಸಾಮಗ್ರಿಯ ವ್ಯಾಪಾರದ ಸರಕೆಂದು ತಿಳಿಯಿತು. ನೇತ್ರಾವತಿಯಂತಹ ಹೊಳೆಗಳ ದಡದ ಮಣ್ಣನ್ನು ಕಲಸಿದ ಕೈಗಳು, ಅದನ್ನು ಒತ್ತಿದವರು, ಸುಟ್ಟವರು, ಹೊತ್ತು ಹಡಗಿಗೇರಿಸಿದವರು ಇವರಾರ ಹೆಸರೂ ಆ ಮುದ್ರೆಯಲ್ಲಿಲ್ಲ. ಆದರೆ ಅವರ ದುಡಿಮೆ ಕಡಲ ತಳದಲ್ಲಿ ಕರಗದೆ ಉಳಿದಿದೆ. ಮರ ಹೋಯಿತು, ಮಣ್ಣು ಉಳಿಯಿತು.

ಈ ತರ್ಕವೆಲ್ಲ ನಿಂತಿರುವುದು ಒಂದು ಆಧಾರದ ಮೇಲೆ: ವಸ್ತುಗಳು ಬಿದ್ದಲ್ಲಿಯೇ ಇರಬೇಕು. ಆದುದರಿಂದ ಶೋಧಕರು ಯಾವುದನ್ನೂ ಮೊದಲಿಗೇ ಎತ್ತುವುದಿಲ್ಲ. ತಳದಲ್ಲಿ ಒಂದು ನೇರವಾದ ಹಗ್ಗವನ್ನು ಬಿಗಿದು, ಅದರಿಂದ ಪ್ರತಿಯೊಂದು ವಸ್ತುವಿನ ದೂರವನ್ನು ಅಳೆದು, ನೀರಿನಲ್ಲಿಯೂ ಬರೆಯಬಹುದಾದ ಹಲಗೆಯ ಮೇಲೆ ನಕ್ಷೆಯನ್ನು ಬರೆದುಕೊಳ್ಳುತ್ತಾರೆ. ಅಂಕೆ ಕೊಟ್ಟು ಛಾಯಾಚಿತ್ರ ತೆಗೆಯುತ್ತಾರೆ. ಅನಂತರವೇ ಅಗತ್ಯವಾದ ಕೆಲವನ್ನು ಮೇಲೆ ತರುವುದು. ತಂದ ಮೇಲೂ ಕೆಲಸ ಮುಗಿಯದು. ಉಪ್ಪು ಒಳಹೊಕ್ಕ ಹೆಂಚನ್ನು ಹಾಗೆಯೇ ಒಣಗಿಸಿದರೆ ಉಪ್ಪು ಹರಳುಗಟ್ಟಿ ಅದರ ಮೈ ಸಿಪ್ಪೆಯೇಳುತ್ತದೆ. ಕಬ್ಬಿಣದ ತೋಪಂತೂ ಗಾಳಿ ತಗುಲಿದರೆ ಚಕ್ಕೆಚಕ್ಕೆಯಾಗಿ ಉದುರಬಹುದು. ಇವನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಿಹಿನೀರಿನಲ್ಲಿಯೋ ತಕ್ಕ ದ್ರಾವಣದಲ್ಲಿಯೋ ಇಟ್ಟು ಉಪ್ಪನ್ನು ಇಳಿಸಬೇಕು. ‘ವಾಸಾ’ ಹಡಗಿನ ಮರ ಒಣಗಿ ಬಿರಿಯದಂತೆ ಅದರ ಮೇಲೆ ರಕ್ಷಕದ್ರವ್ಯವನ್ನು ಸಿಂಪಡಿಸಿದ್ದು ಹದಿನೇಳು ವರ್ಷ! ಇದಕ್ಕೆ ಬೇಕಾಗುವ ಹಣ, ತಾಳ್ಮೆ, ಸ್ಥಳ ಇವು ಇಲ್ಲದವರು ವಸ್ತುವನ್ನು ಎತ್ತುವುದು ಅದನ್ನು ಕೊಲ್ಲುವುದಕ್ಕೆ ಸಮಾನ. 2001ರಲ್ಲಿ ಯುನೆಸ್ಕೋ ಸಂಸ್ಥೆಯ ಆಶ್ರಯದಲ್ಲಿ ಆದ ಅಂತರರಾಷ್ಟ್ರೀಯ ಒಡಂಬಡಿಕೆಯೂ, ನೂರು ವರ್ಷಕ್ಕೆ ಮೀರಿ ನೀರಿನಲ್ಲಿರುವ ಅವಶೇಷಗಳನ್ನು ಇದ್ದಲ್ಲಿಯೇ ಕಾಪಾಡುವುದು ಮೊದಲನೆಯ ಆಯ್ಕೆಯಾಗಬೇಕೆಂದು ವಿಧಿಸುತ್ತದೆ.

ಸ್ಕೂಬಾ ವಿದ್ಯೆಯು ಇಂದು ಶೋಧಕರ ಸ್ವತ್ತಾಗಿ ಮಾತ್ರ ಉಳಿದಿಲ್ಲ. ಮುರುಡೇಶ್ವರದಿಂದ ದೋಣಿಯೇರಿ ನೇತ್ರಾಣಿ ದ್ವೀಪದ ಬಳಿ ಮುಳುಗಿ ಹವಳವನ್ನೂ ಮೀನುಗಳನ್ನೂ ನೋಡಿ ಬರುವ ನಗರವಾಸಿಗಳು ಅನೇಕರಿದ್ದಾರೆ. ಇದು ಸಂತೋಷದ ವಿಷಯವೆ. ಆದರೆ ಒಡೆದ ಹಡಗಿನ ಬಳಿ ಇಳಿದವರಿಗೆ ನೆನಪಿಗಾಗಿ ಒಂದು ಹೆಂಚಿನ ಚೂರನ್ನೋ ಹಿತ್ತಾಳೆಯ ತುಣುಕನ್ನೋ ತರಬೇಕೆಂಬ ಆಸೆ ಹುಟ್ಟುವುದು ಸಹಜ. ಮುದ್ರೆಯಿದ್ದ ಹೆಂಚನ್ನೇ ಯಾರಾದರೂ ಮೊದಲು ಒಯ್ದಿದ್ದರೆ ಸೇಂಟ್ ಜಾರ್ಜ್ ಬಂಡೆಸಾಲಿನ ಸರಕು ಹೆಸರಿಲ್ಲದ ಮಣ್ಣಿನ ರಾಶಿಯಾಗಿ ಉಳಿಯುತ್ತಿತ್ತು. ಮಂಗಳೂರಿನ ಚರಿತ್ರೆಯ ಒಂದು ಪುಟ ಮಂಗಳೂರಿಗೇ ತಿಳಿಯದೆ ಹೋಗುತ್ತಿತ್ತು. ಒಯ್ದವನ ಮನೆಯಲ್ಲಿ ಆ ಹೆಂಚು ಬರಿಯ ಅಲಂಕಾರ. ತಳದಲ್ಲಿದ್ದಾಗ ಅದು ಸಾಕ್ಷಿ.

ಗೋವೆಯ ಕದಂಬರ ಕಾಲದ ವೀರಗಲ್ಲುಗಳಲ್ಲಿ ನೌಕಾಯುದ್ಧದ ಕೆತ್ತನೆಗಳುಂಟು. ಕಡಲಲ್ಲಿ ಮಡಿದವರನ್ನು ನೆಲದ ಕಲ್ಲಿನಲ್ಲಿ ನೆನೆಯುವ ಸಂಪ್ರದಾಯ ಹೀಗೆ ನಮ್ಮಲ್ಲಿ ಹಳೆಯದು. ಒಡೆದ ಹಡಗನ್ನೂ ಅಂತಹ ವೀರಗಲ್ಲೆಂದೇ ತಿಳಿಯತಕ್ಕದ್ದು. ಬಯಲಿನಲ್ಲಿರುವ ವೀರಗಲ್ಲನ್ನು ಕಿತ್ತು ಮನೆಗೊಯ್ಯಲು ನಾವು ಹಿಂಜರಿಯುವಂತೆ, ನೀರಿನಡಿಯಲ್ಲಿರುವುದನ್ನು ಮುಟ್ಟಲೂ ಹಿಂಜರಿಯಬೇಕು. ಮೀನುಗಾರರ ಬಲೆಗೆ ಹಳೆಯ ವಸ್ತು ಸಿಕ್ಕಿದರೂ, ಮುಳುಗುಗಾರನ ಕಣ್ಣಿಗೆ ಬಿದ್ದರೂ, ಸ್ಥಳವನ್ನು ಗುರುತುಹಾಕಿಕೊಂಡು ಪುರಾತತ್ತ್ವದವರಿಗೆ ತಿಳಿಸುವುದೇ ಸರಿಯಾದ ಮಾರ್ಗ. ಕಡಲು ನೂರಾರು ವರ್ಷ ಕಾದಿಟ್ಟುದನ್ನು ನಾವು ಒಂದು ದಿನದ ಕುತೂಹಲಕ್ಕೆ ಕಳೆಯಬಾರದು.